ಎಡಗಾಲಿನ ಆರನೆಯ ಬೆರಳು

ಕಾಸ್ತೆಲ್‌ಫೂಮೊ ಎಂಬ ಊರು ಇದೆ. ಈ ಸಂಗತಿಯನ್ನು ಇಟಲಿಯ ಆ ಊರಿನ ಪುರಸಭೆ ಮಾರ್ಚ್ ಹದಿನಾಲ್ಕರ ಸಾಮಾನ್ಯ ಸಭೆಯಲ್ಲಿ ನಾಲ್ಕರ ವಿರುದ್ಧ ಏಳು ಮತಗಳಿಂದ ಅಂಗೀಕರಿಸಿತು. ಒಬ್ಬ ಸದಸ್ಯರು ತಮಗೆ ವಿಷಯದ ಪೂರ್ಣ ಮಾಹಿತಿ ಇಲ್ಲವೆಂದು ತಟಸ್ಥರಾಗಿ ಉಳಿದರು. ಅವರು ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಅದೇ ಊರಲ್ಲಿ.

ಇಂಥದೊಂದು ನಿರ್ಣಯದ ಅಗತ್ಯ ಬಿದ್ದದ್ದು ಒಂದು ಕಾದಂಬರಿಯಿಂದ. ಆರು ವರ್ಷದ ಹಿಂದೆ ಯಾವುದೋ ಪರದೇಶದ ಲೇಖಕರೊಬ್ಬರು ಬಂದು ಎರಡು ದಿನ ಇದ್ದರು. ಮೂರು ಸಲ ಅಣಬೆ ಹಾಕಿದ ಪಾಸ್ತಾ ತಿಂದರು, ಪುರಸಭೆಯ ದಾಖಲೆಗಾರನನ್ನು ಎರಡು ಪ್ರಶ್ನೆ ಕೇಳಿದರು, ಅವನ ಮೇಜಿನ ಮೇಲಿದ್ದ ಹೆಸರಿನ ಫಲಕವನ್ನು ನೋಡಿ ಪುಸ್ತಕದಲ್ಲಿ ಬರೆದುಕೊಂಡು ಹೋದರು. ಆಮೇಲೆ 'ಕುರುಡು ಸಂತನ ಬೀಗದ ಕೈ' ಎಂಬ ಐತಿಹಾಸಿಕ ರೋಚಕ ಕಾದಂಬರಿ ಹೊರಬಂದು ನಲವತ್ತು ಭಾಷೆಯಲ್ಲಿ ಓಡಿತು. ಅದರ ಪ್ರಕಾರ ಕಾಸ್ತೆಲ್‌ಫೂಮೊ ಚರ್ಚಿನ ಮುಂದೆ ಒಂದು ರಹಸ್ಯ ಬಾವಿ ಇದೆ. ಬಾವಿಯಲ್ಲಿ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಇಡೀ ಯುರೋಪನ್ನು ಅಲುಗಾಡಿಸುವ ಒಂದು ಕಾಗದ, ಅದರ ಬೀಗದ ಕೈ ಕುರುಡು ಸಂತ ಒರ್ಮೀನೊನ ಕಣ್ಣಿನ ಗುಳಿಯಲ್ಲಿ. ಇದನ್ನೆಲ್ಲ ಕಾಯುತ್ತಿದ್ದವನು ಎಡಗಾಲಿಗೆ ಆರು ಬೆರಳಿದ್ದ, ಜೀವನಪೂರ್ತಿ ಬ್ರಹ್ಮಚಾರಿಯಾಗಿರುತ್ತೇನೆಂದು ಆಣೆ ಇಟ್ಟಿದ್ದ ದಾಖಲೆಗಾರ ಎವರಿಸ್ತೋ ಪಲ್ಲೊತ್ತಿ. ಅವನನ್ನು ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಗಂಟೆಗೋಪುರದಿಂದ ಕೆಳಕ್ಕೆ ನೂಕಿ ಸಾಯಿಸಲಾಗುತ್ತದೆ.

ವಾಸ್ತವವಾಗಿ ಊರಲ್ಲಿ ಬಾವಿ ಇರಲಿಲ್ಲ. ಚರ್ಚಿನಲ್ಲಿದ್ದ ಸಂತ ಒರ್ಮೀನೊನ ಮೂರ್ತಿಯ ಎರಡು ಕಣ್ಣೂ ಚೆನ್ನಾಗಿದ್ದವು, ಸ್ವಲ್ಪ ಹೆಚ್ಚೇ ದೊಡ್ಡವಾಗಿದ್ದವು. ಎವರಿಸ್ತೋ ಪಲ್ಲೊತ್ತಿಗೆ ಐವತ್ತೆಂಟು ವರ್ಷ, ಎಡಗಾಲಿಗೆ ಐದೇ ಬೆರಳು, ಮಂಡಿನೋವಿನಿಂದಾಗಿ ಗಂಟೆಗೋಪುರ ಹತ್ತಿದ್ದೇ ಇಲ್ಲ. ಬ್ರಹ್ಮಚರ್ಯದ ಮಾತೇ ಬೇಡ. ಚೌಕದಲ್ಲಿ ಕಾಫಿ ಅಂಗಡಿ ನಡೆಸುತ್ತಿದ್ದ ವಿಧವೆ ಯೊಲಾಂದಾಳನ್ನು ಮದುವೆಯಾಗಬೇಕೆಂದು ಅವನು ಹನ್ನೊಂದು ವರ್ಷದಿಂದ ಕಾಯುತ್ತಿದ್ದ. ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಮೊದಲ ಗಂಡನ ತಾಯಿ ಇದ್ದಳು, ಆಕೆ ಇರುವತನಕ ಬೇಡ ಎಂದು ಯೊಲಾಂದಾ ಖಡಾಖಂಡಿತವಾಗಿ ಹೇಳಿದ್ದಳು. ಆ ಮುದುಕಿ ತೊಂಬತ್ತೇಳರವರೆಗೂ ಜಪ್ಪಯ್ಯ ಅಂದರೂ ಕದಲದೆ ಇದ್ದು, ಕೊನೆಗೆ ಫೆಬ್ರವರಿಯಲ್ಲಿ ತೀರಿಕೊಂಡಳು. ಮದುವೆ ಸೆಪ್ಟೆಂಬರಿನ ಕೊನೆಯ ಶನಿವಾರಕ್ಕೆ ನಿಶ್ಚಯವಾಯಿತು.

ಅಷ್ಟರಲ್ಲಾಗಲೇ ಸಂಗಾತಿ ಪುಸ್ತಕಗಳು ಬಂದಿದ್ದವು. ಕಾದಂಬರಿಯಲ್ಲಿ ಎಷ್ಟು ನಿಜ, ಎಷ್ಟು ಕಲ್ಪನೆ ಎಂದು ಬಿಡಿಸಿ ಹೇಳುವ ಕೈಪಿಡಿಗಳವು. ಒಂದೇ ವರ್ಷದಲ್ಲಿ ಇಪ್ಪತ್ತಾರು ಬಂದವು. ಆಮೇಲೆ ಆ ಕೈಪಿಡಿಗಳಲ್ಲಿ ಎಷ್ಟು ನಿಜ ಎಂದು ಹೇಳುವ ನಾಲ್ಕು ಕೈಪಿಡಿಗಳು ಬಂದವು. ಬರೆದವರಲ್ಲಿ ಒಬ್ಬರಾದರೂ ಊರಿಗೆ ಕಾಲಿಟ್ಟಿರಲಿಲ್ಲ, ಇಟ್ಟಿದ್ದರೆ ಯೊಲಾಂದಾಗೆ ಗೊತ್ತಾಗುತ್ತಿತ್ತು. ಅವುಗಳಲ್ಲೆಲ್ಲ ದಪ್ಪನೆಯದರ ಇನ್ನೂರ ಹನ್ನೆರಡನೆಯ ಪುಟದಲ್ಲಿ ಹೀಗಿತ್ತು: 'ಕಾಸ್ತೆಲ್‌ಫೂಮೊ: ಕಲ್ಪನೆ. ಇಂಥ ಊರಿಲ್ಲ.' ಮರುವಾರವೇ ಎರಡು ಬಸ್ಸಿನ ಪ್ರವಾಸಿಗರು ಬುಕಿಂಗ್ ರದ್ದು ಮಾಡಿದರು. ಅದಾಗಲೇ ಹೊರಟಿದ್ದ ಮೂರನೆಯ ಬಸ್ಸು ಬೆಟ್ಟದ ಬುಡದಲ್ಲಿ ಊರಿನ ನಾಮಫಲಕ ನೋಡಿ, ಇದು ಯಾರೋ ಮೋಸಗಾರರ ಕೆಲಸವೆಂದು ಹಿಂದಿರುಗಿತು.

ಮೇಯರ್ ಕ್ಲೇಲಿಯಾ ಬಸ್ತಿಯಾನಿಯವರು ಸುಮ್ಮನಿರುವ ಹೆಂಗಸಲ್ಲ. ಊರು ಇದೆ ಎಂಬ ನಿರ್ಣಯ ಪಾಸು ಮಾಡಿಸಿದ ದಿನವೇ, ಪುರಸಭೆಯ ವತಿಯಿಂದ ಒಂದು ಅಧಿಕೃತ ಕೈಪಿಡಿ ತರತಕ್ಕದ್ದೆಂದು ಇನ್ನೊಂದು ನಿರ್ಣಯವನ್ನೂ ಪಾಸು ಮಾಡಿಸಿದರು. ಎಡಕ್ಕೆ ನಿಜ, ಬಲಕ್ಕೆ ಕಲ್ಪನೆ, ಎರಡು ಕಾಲಂ. ಹಳೆಯ ಕಾಗದಗಳನ್ನು ಓದಬಲ್ಲವನು ಊರಲ್ಲಿ ಎವರಿಸ್ತೋ ಒಬ್ಬನೇ ಆದ್ದರಿಂದ ಕೆಲಸ ಅವನ ಹೆಗಲಿಗೆ ಬಿತ್ತು.

ಅವನು ಎರಡು ಮಾತಾಡದೆ ಒಪ್ಪಿದ. ಅದಕ್ಕೆ ಅವನದೇ ಕಾರಣವಿತ್ತು. ದಾಖಲೆಗಳ ಜೊತೆಗೆ ಜನನ, ಮರಣ, ವಿವಾಹ ನೋಂದಣಿಯೂ ಅವನ ಮೇಜಿನಲ್ಲೇ ಆಗುತ್ತಿತ್ತು. ಪ್ರವಾಸಿಗರು ಸೀದಾ ಅಲ್ಲಿಗೆ ಬರುತ್ತಿದ್ದರು. ಫಲಕದ ಮೇಲಿನ ಹೆಸರು ಓದಿ, ಸತ್ತವನು ಕಣ್ಣೆದುರಿಗೆ ಕೂತಿದ್ದಾನೆಂದು ಕೆಲವರು ಗಳಗಳನೆ ಅತ್ತುಬಿಡುತ್ತಿದ್ದರು. ಕಣ್ಣೊರೆಸಿಕೊಂಡ ಮೇಲೆ ಎಡಗಾಲಿನ ಬೂಟು ಬಿಚ್ಚಿ ತೋರಿಸಬೇಕೆಂದು ಕೇಳುತ್ತಿದ್ದರು. ಹಸುಗೂಸನ್ನು ಎತ್ತಿಕೊಂಡು ಜನನ ನೋಂದಣಿಗೆ ಬಂದ ತಾಯಂದಿರು ಇವನ ಕಾಲಿನ ಸರದಿ ಮುಗಿಯುವತನಕ ನಿಲ್ಲಬೇಕಾಗುತ್ತಿತ್ತು. ಕೊನೆಗೆ ಅವನು ಬಾಗಿಲಿಗೆ ಒಂದು ಸೂಚನೆ ಅಂಟಿಸಿದ: 'ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಎಡಗಾಲಿನ ಬೂಟು ಬಿಚ್ಚಲಾಗುವುದಿಲ್ಲ.' ಅಂದಿನಿಂದ ಜನ ಹನ್ನೆರಡು ಗಂಟೆ ಐದು ನಿಮಿಷಕ್ಕೆ ಬರತೊಡಗಿದರು.

ಕೈಪಿಡಿ ಐದು ವಾರದಲ್ಲಿ ಮುಗಿಯಿತು. ಮೂವತ್ತೊಂದನೆಯ ಪುಟದಲ್ಲಿ, ಬಲಗಡೆಯ ಕಾಲಂನಲ್ಲಿ, ಎವರಿಸ್ತೋ ತನ್ನ ಮೂವತ್ತೊಂದು ವರ್ಷದ ಸೇವಾವಧಿಯಲ್ಲಿ ಅತ್ಯಂತ ಸಂತೋಷದಿಂದ ಬರೆದ ಸಾಲು ಇತ್ತು. 'ಎವರಿಸ್ತೋ ಪಲ್ಲೊತ್ತಿ, ದಾಖಲೆಗಾರ, ಎಡಗಾಲಿಗೆ ಆರು ಬೆರಳು: ಕಲ್ಪನೆ.'

ಯೊಲಾಂದಾ ಅದನ್ನು ಕೌಂಟರಿನ ಮೇಲಿಟ್ಟು ಓದಿ ಹುಬ್ಬು ಗಂಟಿಕ್ಕಿದಳು. "ಹೆಸರು ಬಿಟ್ಟು ಬರೀಬಾರದಿತ್ತಾ?" ಎಂದಳು.

"ಕಾದಂಬರೀಲಿ ಇರೋ ಹೆಸರೇ ಅದು. ದಾಖಲೆ ಅಂದ್ಮೇಲೆ ಇದ್ದ ಹಾಗೆ ಬರೀಬೇಕು ಯೊಲಾಂದಾ."

"ನಿನ್ನ ಪ್ರಾಮಾಣಿಕತೆ ನಿನ್ನನ್ನೇ ತಿನ್ನುತ್ತೆ ನೋಡ್ತಿರು," ಎಂದು ಅವಳು ಕಾಫಿ ಮುಂದಕ್ಕೆ ತಳ್ಳಿದಳು.

ಕೈಪಿಡಿಗೆ ಪುರಸಭೆಯ ದುಂಡು ಮೊಹರು ಬಿದ್ದು ಅಚ್ಚಾಯಿತು. ಆಮೇಲೆಯೇ ಮೇಯರರು ಅದನ್ನು ಓದಿದ್ದು. ನಿಜದ ಕಾಲಂನಲ್ಲಿ ಒಂಬತ್ತು ಸಂಗತಿ ಇದ್ದವು, ಕಲ್ಪನೆಯದರಲ್ಲಿ ನೂರ ನಲವತ್ತಮೂರು. ಒಂಬತ್ತರಲ್ಲಿ ಒಂದು ಬೆಟ್ಟ, ಒಂದು ಅಣಬೆ. ಮೇಯರರ ಮುಖ ಕಪ್ಪಿಟ್ಟಿತು. ಒಂಬತ್ತು ನಿಜ ನೋಡುವುದಕ್ಕೆ ಯಾರು ಬಸ್ಸು ಹತ್ತುತ್ತಾರೆ, ಸ್ವಲ್ಪ ಅಲ್ಲಿಂದಿಲ್ಲಿಗೆ ಹಾಕಿ ಎಂದು ಎವರಿಸ್ತೋನನ್ನು ಕರೆಸಿ ಕೇಳಿದರು. ಅವನು ಮೊಹರು ಬಿದ್ದ ದಾಖಲೆಯನ್ನು ತಿದ್ದುವುದು ಫೋರ್ಜರಿ ಎಂದು ಪಟ್ಟು ಹಿಡಿದ. ಮೇಯರರು ಕಿಟಕಿಯಿಂದ ಚೌಕವನ್ನು ನೋಡಿದರು.

"ಸರಿ ಬಿಡಿ ಪಲ್ಲೊತ್ತಿಯವರೇ, ಪುಸ್ತಕ ತಿದ್ದೋದು ಬೇಡ," ಎಂದರು. "ಊರನ್ನೇ ತಿದ್ದೋಣ."

ಮರುದಿನ ಪುರಸಭೆಯ ಬಾಗಿಲ ಪಕ್ಕದ ಸೂಚನಾ ಫಲಕದಲ್ಲಿ ಈ ಪ್ರಕಟಣೆ ಕಾಣಿಸಿತು.

'ಸಾರ್ವಜನಿಕರ ಗಮನಕ್ಕೆ. ಒಂದು, ಅಧಿಕೃತ ಕೈಪಿಡಿಯಲ್ಲಿ ಕಲ್ಪನೆ ಎಂದು ನಮೂದಾದ ಯಾವುದೇ ವಸ್ತು, ಸ್ಥಳ ಅಥವಾ ವ್ಯಕ್ತಿಯು ಕಾದಂಬರಿಯಲ್ಲಿ ವರ್ಣಿಸಿದಂತೆಯೇ ಊರಿನಲ್ಲಿ ಕಂಡುಬಂದಲ್ಲಿ, ಹಾಗೂ ಕನಿಷ್ಠ ಮೂವರು ಪ್ರವಾಸಿಗರು ಅದರ ಫೋಟೋ ತೆಗೆದಲ್ಲಿ, ಸದರಿಯದನ್ನು ನಿಜದ ಕಾಲಂಗೆ ವರ್ಗಾಯಿಸತಕ್ಕದ್ದು. ಎರಡು, ಹಾಗೆ ವರ್ಗವಾಗುವತನಕ ಸದರಿಯದು ಕಲ್ಪನೆಯೇ. ಮೂರು, ಕೈಪಿಡಿಯ ಎರಡೂ ಕಾಲಂನಲ್ಲಿ ಇಲ್ಲದಿರುವ ವಸ್ತುಗಳ ವಿಷಯ ಪರಿಶೀಲನೆಯಲ್ಲಿದೆ, ಅಲ್ಲಿಯತನಕ ಅವು ತಮ್ಮ ತಮ್ಮ ಜಾಗದಲ್ಲಿ ಇರತಕ್ಕದ್ದು.'

ಕೆಲಸ ಚುರುಕಾಗಿ ನಡೆಯಿತು. ರಸ್ತೆ ರಿಪೇರಿಯವರು ಚರ್ಚಿನ ಮುಂದೆ ಬಾವಿ ತೋಡಿದರು. ಆರಡಿಗೆ ಚರಂಡಿಯ ಪೈಪು ಸಿಕ್ಕಿದ್ದರಿಂದ ಅಲ್ಲಿಗೇ ನಿಲ್ಲಿಸಿ, ಕೆಳಗೆ ಕಪ್ಪು ಬಣ್ಣ ಬಳಿದು ಆಳ ಮಾಡಿದರು. ಹೊಸ ಕಲ್ಲಿಗೆ ಪಾಚಿ ಹಿಡಿಯಲೆಂದು ಮೊಸರು ಸವರಿದರು. ಊರಿನ ಬೆಕ್ಕುಗಳೆಲ್ಲ ಎಂಟು ದಿನ ಆ ಬಾವಿಯ ಸುತ್ತಲೇ ಇದ್ದವು, ಅವುಗಳ ಫೋಟೋವನ್ನೂ ಪ್ರವಾಸಿಗರು ತೆಗೆದರು. ಸಂತ ಒರ್ಮೀನೊನ ವಿಷಯದಲ್ಲಿ ಪಾದ್ರಿ ದೋನ್ ಅಗಾಪೀತೊ ಮೊದಲು ಕೆಂಡಾಮಂಡಲವಾದರು. ಇನ್ನೂರು ವರ್ಷದಿಂದ ಚೆನ್ನಾಗಿ ನೋಡುತ್ತಿದ್ದ ಸಂತನನ್ನು ಈಗ ಕುರುಡು ಮಾಡಲು ತಾವು ಯಾರು ಎಂದು ಕೇಳಿದರು. ಆಮೇಲೆ ಚರ್ಚಿನ ಸೋರುವ ಛಾವಣಿಯ ಮಾತು ಬಂತು. ಛಾವಣಿ ರಿಪೇರಿಯಾದಾಗ ಧೂಳು ಬೀಳುವುದು ಸಹಜ, ಧೂಳು ಬಿದ್ದರೆ ಕಣ್ಣಿಗೆ ಬಟ್ಟೆ ಕಟ್ಟುವುದೂ ಸಹಜ ಎಂದು ಪಾದ್ರಿಗಳಿಗೆ ಹೊಳೆಯಿತು. ರಿಪೇರಿ ಮುಗಿದ ಮೇಲೂ ಬಟ್ಟೆ ಅಲ್ಲೇ ಉಳಿಯಿತು.

ಆಗಸ್ಟ್ ಮುಗಿಯುವ ಹೊತ್ತಿಗೆ ನಿಜ ತೊಂಬತ್ತಾರಕ್ಕೆ ಏರಿತ್ತು. ಪ್ರತಿ ವರ್ಗಾವಣೆಯ ನಂತರವೂ ಎವರಿಸ್ತೋ ಖುದ್ದಾಗಿ ಹೋಗಿ ಪರಿಶೀಲಿಸಿ, ವಸ್ತು ಇರುವುದು ಹೌದೆಂದು ದಾಖಲಿಸುತ್ತಿದ್ದ. ಅದರಲ್ಲಿ ಅವನಿಗೆ ಯಾವ ತಕರಾರೂ ಇರಲಿಲ್ಲ. ಬಾವಿ ಇತ್ತು, ಆದ್ದರಿಂದ ಬಾವಿ ಇದೆ ಎಂದು ಬರೆದ. ಅವನ ಮನಸ್ಸೆಲ್ಲ ಮದುವೆಯ ಕಡೆಗಿತ್ತು. ಪದ್ಧತಿಯಂತೆ ಇಬ್ಬರ ಹೆಸರನ್ನೂ ಎಂಟು ದಿನ ಸೂಚನಾ ಫಲಕದಲ್ಲಿ ಅಂಟಿಸಿದ, ಯಾರಿಗಾದರೂ ಆಕ್ಷೇಪಣೆ ಇದ್ದರೆ ಸಲ್ಲಿಸಬಹುದು ಎಂದು. ಆ ಊರಿನಲ್ಲಿ ಅರವತ್ತು ವರ್ಷದಿಂದ ಒಂದೇ ಒಂದು ಆಕ್ಷೇಪಣೆ ಬಂದಿರಲಿಲ್ಲ.

ಆರನೆಯ ದಿನ ಒಂದು ಬಂತು. ತಂದವರು ಹಾಲೆಂಡಿನ ಒಬ್ಬ ನಿವೃತ್ತ ಗಣಿತದ ಟೀಚರು. ಬೇಸಿಗೆಗೆಂದು ಊರಲ್ಲಿ ಮನೆ ಬಾಡಿಗೆಗೆ ಹಿಡಿದಿದ್ದರು, ಕಾದಂಬರಿಯನ್ನು ನಾಲ್ಕು ಸಲ ಓದಿದ್ದರು, ಯೊಲಾಂದಾಳ ಕಾಫಿಯನ್ನು ಬಹಳ ಮೆಚ್ಚಿದ್ದರು. ಬ್ರಹ್ಮಚರ್ಯದ ಆಣೆ ಇಟ್ಟಿದ್ದ, ಹತ್ತೊಂಬತ್ತನೆಯ ಅಧ್ಯಾಯದಲ್ಲಿ ತೀರಿಕೊಂಡ, ಪುರಸಭೆಯೇ ಕಲ್ಪನೆ ಎಂದು ದೃಢೀಕರಿಸಿದ ವ್ಯಕ್ತಿಯ ಹೆಸರಿನಲ್ಲಿ ಯಾರೋ ಒಬ್ಬ ಧೂರ್ತ ಈ ಒಳ್ಳೆಯ ಹೆಂಗಸಿಗೆ ಮೋಸ ಮಾಡುತ್ತಿದ್ದಾನೆ, ದಯವಿಟ್ಟು ತಡೆಯಿರಿ ಎಂದು ಅಚ್ಚುಕಟ್ಟಾಗಿ ಬರೆದಿದ್ದರು. ಜೊತೆಗೆ ಕೈಪಿಡಿಯ ಮೂವತ್ತೊಂದನೆಯ ಪುಟದ ನಕಲು ಇತ್ತು. ಹದಿನಾರು ಯೂರೋದ ಸರ್ಕಾರಿ ಸ್ಟಾಂಪು ಸರಿಯಾದ ಮೂಲೆಯಲ್ಲಿತ್ತು.

ಎವರಿಸ್ತೋ ಎರಡು ಸಲ ಓದಿದ. ಹಿಂದಕ್ಕೆ ಕೊಟ್ಟುಬಿಡೋಣ ಎನಿಸಿತು. ಆದರೆ ಸ್ಟಾಂಪು ಸರಿಯಾಗಿದ್ದ ಮೇಲೆ ಅರ್ಜಿ ಸ್ವೀಕರಿಸದಿರಲು ಬರುವುದಿಲ್ಲ. ತನ್ನ ವಿರುದ್ಧದ ಅರ್ಜಿಗೆ ತಾನೇ ಕ್ರಮಸಂಖ್ಯೆ ಒಂದು ಎಂದು ಬರೆದು, ಮೊಹರು ಒತ್ತಿ, ರಸೀತಿ ಕೊಟ್ಟ. ಟೀಚರು ಥ್ಯಾಂಕ್ಸ್ ಹೇಳಿ ಅವನ ಬೂಟನ್ನೊಮ್ಮೆ ನೋಡಿ ಹೋದರು.

ವಿಚಾರಣೆ ಪುರಸಭೆಯ ಸಭಾಂಗಣದಲ್ಲಿ ನಡೆಯಿತು. ಮೇಯರರು ಅಧಿಕಾರದ ಮೂರು ಬಣ್ಣದ ಅಡ್ಡಪಟ್ಟಿ ಹಾಕಿಕೊಂಡು ಕೂತಿದ್ದರು, ಅಂದರೆ ವಿಷಯ ಗಂಭೀರವಾಗಿತ್ತು.

"ಪಲ್ಲೊತ್ತಿಯವರೇ, ನೀವು ಇದ್ದೀರಿ ಅನ್ನೋದು ವೈಯಕ್ತಿಕವಾಗಿ ನನಗೆ ಗೊತ್ತು," ಎಂದರು. "ಆದ್ರೆ ಮೇಯರ್ ಆಗಿ ಗೊತ್ತಿಲ್ಲ. ನಮ್ಮ ಕೈಪಿಡಿ ಬೇರೆ ಥರ ಹೇಳುತ್ತೆ."

"ಮೇಯರ್ ಮೇಡಂ, ಆ ಕೈಪಿಡಿ ಬರೆದವನೇ ನಾನು."

"ಹಾಗನ್ನಬೇಡಿ. ಕಲ್ಪನೆಯ ವ್ಯಕ್ತಿ ಬರೆದದ್ದು ಅಂತ ಆದ್ರೆ ಇಡೀ ಕೈಪಿಡಿ ಬಿದ್ದು ಹೋಗುತ್ತೆ. ಕೈಪಿಡಿ ಬಿದ್ರೆ ಬಾವಿ ಬೀಳುತ್ತೆ."

ಇಟಲಿಯಲ್ಲಿ ಪಿಂಚಣಿದಾರರಿಗೆ ಜೀವಂತವಾಗಿದ್ದಾರೆಂದು ಪ್ರಮಾಣಪತ್ರ ಕೊಡುವ ಪದ್ಧತಿ ಇದೆ. ಎವರಿಸ್ತೋ ಊರಿನ ಅರ್ಧ ಮುದುಕರಿಗೆ ಅದನ್ನು ಕೈಯಾರೆ ಬರೆದುಕೊಟ್ಟಿದ್ದ. ಅದನ್ನೇ ತನಗೂ ಕೊಡಿಸಿ ಎಂದು ಕೇಳಿದ. ಅದನ್ನು ಕೊಡುವ ಅಧಿಕಾರ ಊರಿನಲ್ಲಿ ಅವನೊಬ್ಬನಿಗೇ ಇತ್ತು, ತನಗೆ ತಾನೇ ಕೊಟ್ಟುಕೊಳ್ಳುವುದು ನಿಯಮಬಾಹಿರ. ಆಗ ಅವನು ಡಾಕ್ಟರರಿಂದ ಎಡಗಾಲಿಗೆ ಐದೇ ಬೆರಳೆಂದು ಬರೆಸಿ ತಂದ. ಮೇಯರರು ಅದನ್ನು ಓದಿ ಇನ್ನಷ್ಟು ಬೇಜಾರು ಮಾಡಿಕೊಂಡರು. ಕೈಪಿಡಿಯಲ್ಲಿರುವುದು ಆರು ಬೆರಳಿನ ಪಲ್ಲೊತ್ತಿ. ಐದು ಬೆರಳಿನ ಪಲ್ಲೊತ್ತಿ ಎರಡೂ ಕಾಲಂನಲ್ಲಿ ಇಲ್ಲ, ಅಂದರೆ ಮೂರನೆಯ ನಿಯಮದ ಪ್ರಕಾರ ಅವನು ಪರಿಶೀಲನೆಯಲ್ಲಿದ್ದಾನೆ. ಪರಿಶೀಲನೆ ಮುಗಿಯುವತನಕ ತನ್ನ ಜಾಗದಲ್ಲಿರಬಹುದು, ಮದುವೆಯಾಗುವಂತಿಲ್ಲ. ಕಲ್ಪನೆಯಲ್ಲಾದರೆ ಒಂದು ಸ್ಥಾನವಾದರೂ ಇತ್ತು, ಇದು ಅದಕ್ಕಿಂತ ಕಡೆಯಾಯಿತು. ಎವರಿಸ್ತೋ ಕಲ್ಪನೆಯೇ ಇರಲೆಂದು ಡಾಕ್ಟರರ ಚೀಟಿಯನ್ನು ಹಿಂದಕ್ಕೆ ಪಡೆದು ಮಡಚಿ ಜೇಬಿಗೆ ಹಾಕಿಕೊಂಡ.

ದಾರಿ ತೋರಿಸಿದ್ದು ಊರಿನ ಹಲ್ಲಿನ ಡಾಕ್ಟರ್ ಸ್ಪಿನೆಲ್ಲಿ. ಬಾವಿ ತೋಡಿಸಿ ನಿಜ ಮಾಡಿದಿರಿ, ಸಂತನ ಕಣ್ಣು ಕಟ್ಟಿ ನಿಜ ಮಾಡಿದಿರಿ, ಇದಕ್ಕೆ ಬೇಕಾದದ್ದು ಒಂದು ಬೆರಳು ತಾನೇ ಎಂದು ಅವರು ಕೇಳಿದರು. ಕಟ್ಟು ಹಲ್ಲು ಮಾಡುವ ಸಾಮಗ್ರಿಯಲ್ಲಿಯೇ ಒಂದು ವಾರದಲ್ಲಿ ಬೆರಳು ಮಾಡಿ ತಂದರು. ತಿಳಿಗುಲಾಬಿ ಬಣ್ಣದ್ದು, ಅಚ್ಚುಕಟ್ಟಾದ ಉಗುರಿದ್ದದ್ದು, ಕಿರುಬೆರಳ ಪಕ್ಕಕ್ಕೆ ಸಿಕ್ಕಿಸಲು ಚಿಕ್ಕ ಕೊಂಡಿ ಇದ್ದದ್ದು. ನೋಡಿದವರೆಲ್ಲ ಹೊಗಳಿದರು. ಎವರಿಸ್ತೋನ ಸ್ವಂತ ಐದು ಬೆರಳೂ ಅಷ್ಟು ಚೆಂದ ಇರಲಿಲ್ಲ. ಇದನ್ನು ಹಾಕಿಕೊಂಡು ಮೂವರು ಪ್ರವಾಸಿಗರ ಮುಂದೆ ಬೂಟು ಬಿಚ್ಚಿ, ಸಂಜೆಯೊಳಗೆ ನೀವು ನಿಜ ಎಂದು ಮೇಯರರು ಭರವಸೆ ಕೊಟ್ಟರು.

ಎವರಿಸ್ತೋ ಬೆರಳನ್ನು ಅಂಗೈಯಲ್ಲಿಟ್ಟುಕೊಂಡು ದಾಖಲೆಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಂದು ಬೆರಳಿನಷ್ಟು ದೂರದಲ್ಲಿ ಯೊಲಾಂದಾ ಇದ್ದಳು, ಹನ್ನೊಂದು ವರ್ಷ ಕಾದದ್ದು ಇತ್ತು. ಆದರೆ ಇಲ್ಲದ ಬೆರಳನ್ನು ಇದೆ ಎಂದು ದಾಖಲಿಸುವವನು ತಾನೇ ಆಗಬೇಕಿತ್ತು, ಮೂವತ್ತೊಂದು ವರ್ಷದಲ್ಲಿ ಅವನು ಸುಳ್ಳಿಗೆ ಮೊಹರು ಒತ್ತಿರಲಿಲ್ಲ. ಬಾವಿ ಮೊಸರಿನ ಬಾವಿಯಾದರೂ ಬಾವಿಯೇ. ಇದು ಬೆರಳಲ್ಲ, ಹಲ್ಲು. ಅವನಿಗೆ ಅಳು ಬಂತು. ಮುಂದೆ ತೆರೆದಿದ್ದ ಹದಿನೆಂಟನೆಯ ಶತಮಾನದ ದೀಕ್ಷಾಸ್ನಾನದ ಪುಸ್ತಕವನ್ನು ಮೊದಲು ಪಕ್ಕಕ್ಕಿಟ್ಟು ಆಮೇಲೆ ಅತ್ತ.

ಮಧ್ಯಾಹ್ನ ಅಂಗಡಿಗೆ ಹೋಗಿ ಬೆರಳನ್ನು ಕೌಂಟರಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದ. ತನ್ನಿಂದ ಆಗುವುದಿಲ್ಲ, ನೀನು ಬೇರೆ ಯಾರನ್ನಾದರೂ ನೋಡಿಕೋ ಎಂದ. ಯೊಲಾಂದಾ ಬೆರಳನ್ನು ಸ್ಪೂನಿನಿಂದ ಅತ್ತಿತ್ತ ಹೊರಳಿಸಿ ನೋಡಿದಳು.

"ಆರು ಬೆರಳಿನವನನ್ನ ನಾನೂ ಕಟ್ಕೊಳ್ಳಲ್ಲ," ಎಂದಳು. "ಕಾನೂನಿನಲ್ಲಿ ಯಾರ್ಯಾರನ್ನ ಮದುವೆಯಾಗಬಾರದು ಅಂತ ಬರೆದಿದೆ, ಹೇಳು."

ಅವನಿಗೆ ಬಾಯಿಪಾಠ ಬರುತ್ತಿತ್ತು. ಅಪ್ರಾಪ್ತ ವಯಸ್ಕರು, ಹತ್ತಿರದ ರಕ್ತಸಂಬಂಧಿಗಳು, ಈಗಾಗಲೇ ಮದುವೆಯಾದವರು, ಹೀಗೆ ಒಂದೊಂದಾಗಿ ಒಪ್ಪಿಸಿದ.

"ಕಲ್ಪನೆಯವರು ಅಂತ ಇದೆಯಾ?"

ಎವರಿಸ್ತೋ ಪಟ್ಟಿಯನ್ನು ಮೊದಲಿನಿಂದ ಇನ್ನೊಮ್ಮೆ ಒಪ್ಪಿಸಿ ನೋಡಿದ. ಅಂಥದೊಂದು ಉಪಕಲಂ ಇರಲಿಲ್ಲ.

"ಮತ್ತೆ? ಮೊದಲನೇ ಗಂಡ ನಿಜವಾಗಿಯೇ ಇದ್ದ, ಹದಿನಾಲ್ಕು ವರ್ಷ ಒಂದು ಕಪ್ಪು ತೊಳೀಲಿಲ್ಲ. ಈ ಸಲ ಕಲ್ಪನೆಯವನನ್ನೇ ನೋಡೋಣ."

ಅವಳೇ ಏಪ್ರನ್ ಬಿಚ್ಚದೆ ಪುರಸಭೆಗೆ ನಡೆದಳು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಮೇಯರರು ದಿನಾ ಬೆಳಿಗ್ಗೆ ಕಾಫಿ ಕುಡಿಯುವುದು ಅವಳ ಅಂಗಡಿಯಲ್ಲೇ, ಊರಲ್ಲಿ ಬೇರೆ ಅಂಗಡಿಯೂ ಇಲ್ಲ ಎಂಬುದು ಮಾತ್ರ ಗೊತ್ತು. ಸಂಜೆಯ ಹೊತ್ತಿಗೆ ನಾಲ್ಕನೆಯ ನಿಯಮ ಫಲಕಕ್ಕೆ ಬಂತು: 'ಕಲ್ಪನೆಯ ವ್ಯಕ್ತಿಗಳು ನಿಜದ ವ್ಯಕ್ತಿಗಳನ್ನು ವಿವಾಹವಾಗಲು ಅಡ್ಡಿಯಿಲ್ಲ. ಸದರಿ ವಿವಾಹಗಳಿಗೆ ಪ್ರತ್ಯೇಕ ರಿಜಿಸ್ಟರ್ ಇಡತಕ್ಕದ್ದು. ಕಾದಂಬರಿಯಲ್ಲಿ ಇಟ್ಟ ಆಣೆ, ಸತ್ತ ಸಾವು, ಇವು ಕಾದಂಬರಿಯ ಹೊರಗೆ ಅನ್ವಯಿಸುವುದಿಲ್ಲ.' ಪ್ರತ್ಯೇಕ ರಿಜಿಸ್ಟರಿಗೆ ಹಸಿರು ರಟ್ಟಿನ ಪುಸ್ತಕವೊಂದು ಬಂತು, ಅದರ ಮೊದಲ ಸಾಲನ್ನು ಎವರಿಸ್ತೋ ತನ್ನ ಕೈಯಾರೆ ಬರೆದ.

ಮದುವೆ ಸೆಪ್ಟೆಂಬರಿನ ಕೊನೆಯ ಶನಿವಾರವೇ ಆಯಿತು. ಯೊಲಾಂದಾಳಿಗೆ ಸಾಕ್ಷಿಯಾಗಿ ಹಾಲೆಂಡಿನ ಟೀಚರು ಸಹಿ ಹಾಕಿದರು. ವರ ತಾನು ಯಾರೆಂದು ಸುಳ್ಳು ಹೇಳುತ್ತಿಲ್ಲ, ಕಲ್ಪನೆ ಎಂದು ಒಪ್ಪಿಕೊಂಡೇ ಮದುವೆಯಾಗುತ್ತಿದ್ದಾನೆ, ಇದರಲ್ಲಿ ಮೋಸವಿಲ್ಲ ಎಂದು ಅವರಿಗೆ ಪೂರ್ತಿ ಸಮಾಧಾನವಾಗಿತ್ತು. ಎವರಿಸ್ತೋ 'ಒಪ್ಪಿದೆ' ಎಂದಾಗ ಯೊಲಾಂದಾ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಾವಿಯ ಪಕ್ಕದಲ್ಲಿ ಸಕ್ಕರೆ ಲೇಪಿಸಿದ ಬಾದಾಮಿ ಹಂಚಿದರು. ಸಂತ ಒರ್ಮೀನೊ ಏನನ್ನೂ ನೋಡಲಿಲ್ಲ.

ಆಮೇಲೆ ಊರಿನಲ್ಲಿ ಸ್ವಲ್ಪ ಗಡಿಬಿಡಿಯಾಯಿತು. ಕಸದ ತೆರಿಗೆ ಕಲ್ಪನೆಯವರಿಗೆ ಬರುವುದಿಲ್ಲ ಎಂದು ಯಾರೋ ಕಂಡುಹಿಡಿದರು. ಕ್ರಿಸ್‌ಮಸ್ಸಿನೊಳಗೆ ಅರವತ್ತಮೂರು ಜನ ತಮ್ಮನ್ನು ಬಲಗಡೆಯ ಕಾಲಂಗೆ ವರ್ಗಾಯಿಸಬೇಕೆಂದು ಅರ್ಜಿ ಹಾಕಿದರು. ಮೊದಲನೆಯ ಅರ್ಜಿ ಮೇಯರರ ಭಾವನದು, ಎರಡನೆಯದು ಅಂದು ತಟಸ್ಥರಾಗಿ ಉಳಿದಿದ್ದ ಸದಸ್ಯರದು. ಸ್ಟಾಂಪು ಸರಿಯಾಗಿದ್ದವನ್ನೆಲ್ಲ ಎವರಿಸ್ತೋ ಸ್ವೀಕರಿಸಿದ. ಹಲ್ಲಿನ ಡಾಕ್ಟರರ ಬೆರಳು ಸುಮ್ಮನೆ ಬಿದ್ದಿರುವುದೇಕೆ ಎಂದು ದೋನ್ ಅಗಾಪೀತೊ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಂತನ ಪಾದದ ಬಳಿ ಇರಿಸಿದರು. ಬಂದವರೆಲ್ಲ ಫೋಟೋ ತೆಗೆದರು. ಮೂರಲ್ಲ, ಮೊದಲ ದಿನವೇ ಮುನ್ನೂರು.

ಕೈಪಿಡಿಯ ಎರಡನೆಯ ಆವೃತ್ತಿ ವಸಂತದಲ್ಲಿ ಬಂತು. ಕರಡು ತಿದ್ದಿದವನು ಎವರಿಸ್ತೋನೇ. ಮೂವತ್ತೊಂದನೆಯ ಪುಟದಲ್ಲಿ ಒಂದು ಅಲ್ಪವಿರಾಮ ತಪ್ಪಾಗಿತ್ತು, ಸರಿಪಡಿಸಿದ. ಆ ಪುಟ ಈಗ ಹೀಗಿದೆ. 'ಆರನೆಯ ಬೆರಳು: ನಿಜ. ಎವರಿಸ್ತೋ ಪಲ್ಲೊತ್ತಿ: ಕಲ್ಪನೆ. ಯೊಲಾಂದಾಳೊಂದಿಗೆ ಅವನ ವಿವಾಹ: ನಿಜ.'

ಕಚೇರಿ ಮುಗಿದ ಮೇಲೆ ಅವನು ಅಂಗಡಿಯಲ್ಲಿ ಕಪ್ಪು ತೊಳೆಯುತ್ತಾನೆ. ಮೊನ್ನೆ ಪ್ರವಾಸಿ ಹೆಂಗಸೊಬ್ಬರು ಚರ್ಚಿನಿಂದ ಬೆರಳು ನೋಡಿಕೊಂಡು ಬಂದು, ಕಾಫಿ ಕುಡಿದು, ಕೌಂಟರಿನ ಹಿಂದಿದ್ದ ಅವನನ್ನು ಕೇಳಿದರು.

"ಆ ಎವರಿಸ್ತೋ ಅನ್ನೋರು ನಿಜವಾಗ್ಲೂ ಇದ್ರಾ?"

ಅವನು ಕೈ ಒರೆಸಿಕೊಂಡ. ಕೈಪಿಡಿ ತೆಗೆದು, ಕನ್ನಡಕ ಏರಿಸಿ, ಪುಟ ಹುಡುಕಿ ಬೆರಳಿಟ್ಟು ತೋರಿಸಿದ.

"ಇಲ್ಲಮ್ಮಾ, ಬರೀ ಕಲ್ಪನೆ. ಇಲ್ಲೇ ಬರೆದಿದೆ ನೋಡಿ."

ಹೆಂಗಸು ಪಾಪ ಎಂದು ನಿಟ್ಟುಸಿರು ಬಿಟ್ಟರು. ಕಾಫಿ ಮೆಷಿನಿನ ಹಿಂದಿನಿಂದ ಯೊಲಾಂದಾಳ ಧ್ವನಿ ಬಂತು. "ಏ ಕಲ್ಪನೆ, ಆ ಮೂರನೇ ಟೇಬಲ್ ಒರೆಸಿಬಿಡು."

ಅವನು ಹೋಗಿ ಒರೆಸಿದ.